ಕೋಲಾರದ ಮಂಡಿಯಿಂದ ದಂಬುಲ್ಲಾ ಮಾರ್ಕೆಟ್‌ಗೆ: ಜರ್ನಲಿಸಂ ಹುಡುಗ್ರ ಲಂಕಾ ಟ್ರಿಪ್, ಒಂದು ಪ್ರಕರಣ

ಕೋಲಾರದ ಒಂದು ಕಾಲೇಜಿನ ಜರ್ನಲಿಸಂ ವಿಭಾಗದಿಂದ ಹನ್ನೆರಡು ಮಂದಿ ಹುಡುಗ ಹುಡುಗೀರು ಸ್ಟಡಿ ಟೂರ್ ಅಂತ ಶ್ರೀಲಂಕಾಗೆ ಹೋಗ್ಬಂದ್ರು. ಜೊತೆಗೆ ಹೋದ ಇಬ್ಬರು ಮೇಷ್ಟ್ರಲ್ಲಿ ನಾನೊಬ್ಬ, ಗೆಸ್ಟ್ ಫ್ಯಾಕಲ್ಟಿ, ಬೆಳಗ್ಗೆ ಪಾಠ, ಸಂಜೆ ಮೇಲೆ ಒಂದು ಜಿಲ್ಲಾ ಪತ್ರಿಕೆಯ ಡೆಸ್ಕು. ಬಂದ್ಮೇಲೆ ವಿಭಾಗಕ್ಕೆ ರಿಪೋರ್ಟ್ ಕೊಡಬೇಕಿತ್ತು, ಕೊಟ್ವಿ, ಅದ್ರಲ್ಲಿ ಎಲ್ಲಾ ರಿಪೋರ್ಟಿನ ಥರ "ವಿದ್ಯಾರ್ಥಿಗಳಿಗೆ ಅತ್ಯಂತ ಉಪಯುಕ್ತವಾಯಿತು" ಅಂತಿದೆ. ಆ ರಿಪೋರ್ಟಲ್ಲಿ ಹಿಡಿಸದೆ ಉಳಿದಿದ್ದು ಇಲ್ಲಿದೆ. ಬೇರೆ ಕಾಲೇಜಿನ ಮೇಷ್ಟ್ರು ಒಂದಿಬ್ರು "ನಾವೂ ಹೊರದೇಶಕ್ಕೆ ಕರ್ಕೊಂಡು ಹೋಗೋಣ ಅಂತಿದ್ದೀವಿ, ನಿಮ್ದು ಹೆಂಗಾಯ್ತು ಹೇಳಿ ಸಾರ್" ಅಂತ ಕೇಳ್ತಾನೇ ಇದ್ರು, ಅವ್ರಿಗೂ ಆಯ್ತು.

ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಟ್ರೆ ಓದೋರಿಗೆ ಸುಲಭ. ಈ ಟ್ರಿಪ್ಪಲ್ಲಿ ಕೊಟ್ಟ ದುಡ್ಡು ವಸೂಲಾಗಿದ್ದು ಎರಡೇ ಕಡೆ, ದಂಬುಲ್ಲಾದ ತರಕಾರಿ ಮಾರ್ಕೆಟ್‌ನಲ್ಲಿ ಮತ್ತೆ ನುವಾರ ಎಲಿಯ ಕಡೆ ಟೀ ತೋಟದ ಕೂಲಿ ಮನೆಗಳಲ್ಲಿ. ಎರಡೂ ಕಡೆ ಹುಡುಗ್ರಿಗೆ ಆ ವಿಷಯ ಊರಲ್ಲೇ ಗೊತ್ತಿತ್ತು, ಮನೇಲೇ ಗೊತ್ತಿತ್ತು ಅನ್ನಿ. ಗೊತ್ತಿಲ್ದೆ ಇದ್ದ ಕಡೆಯೆಲ್ಲಾ ನಾವು ಬರೀ ಟೂರಿಸ್ಟ್‌ಗಳಾಗಿದ್ವಿ, ಫೋಟೋ ತೆಗೆಸ್ಕೊಂಡ್ವಿ, ಊಟ ಮಾಡಿದ್ವಿ, ಬಸ್ ಹತ್ತಿದ್ವಿ.

ಹೋಗೋ ಮುಂಚಿನ ಗಲಾಟೆ

ಮೊದಲು ಮಾತು ಬಂದಿದ್ದು ಯುರೋಪು. ಯಾರೋ ಏಜೆಂಟು ಕೊಟ್ಟ ಕೊಟೇಶನ್ ನೋಡಿ ಎಲ್ರೂ ಸುಮ್ನಾದ್ರು. ಲಂಕಾ ಅಂದ್ರೆ ದೇವನಹಳ್ಳಿ ಏರ್‌ಪೋರ್ಟಿಂದ ಒಂದೂವರೆ ಗಂಟೆ ಫ್ಲೈಟು, ನಮ್ಮೂರಿಂದ ವೇಮಗಲ್ ವಿಜಯಪುರ ಮೇಲೆ ಏರ್‌ಪೋರ್ಟ್ ಮುಟ್ಟೋಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ತಲೆಗೆ ಐವತ್ತೆಂಟು ಸಾವಿರ ಅಂತ ಫಿಕ್ಸ್ ಆಯ್ತು. ಕ್ಲಾಸಲ್ಲಿ ಮೂವತ್ತರ ಮೇಲೆ ಮಕ್ಕಳಿದ್ದಾರೆ, ಹೆಸರು ಕೊಟ್ಟಿದ್ದು ಹನ್ನೆರಡು. ಇದನ್ನ ಯಾವ ರಿಪೋರ್ಟಲ್ಲೂ ಬರೆಯಲ್ಲ. ಹೋದವ್ರಲ್ಲೂ ಅರ್ಧ ಜನ ಅಮ್ಮನ ಸಂಘದ ಲೋನಲ್ಲೋ ಚೀಟಿ ಎತ್ತಿದ ದುಡ್ಡಲ್ಲೋ ಹೋದವ್ರು, ಒಬ್ಬನ ಅಪ್ಪ ಎರಡು ಹಸು ಮಾರಿದ್ರು ಅಂತ ಆಮೇಲೆ ಗೊತ್ತಾಯ್ತು.

ನನ್ನ ಲೆಕ್ಕದಲ್ಲಿ ಆ ಬ್ಯಾಚಿನ ಬೆಸ್ಟ್ ರಿಪೋರ್ಟರ್ ಹೋಗಲೇ ಇಲ್ಲ. ಶ್ರೀನಿವಾಸಪುರ ಕಡೆ ಹುಡುಗಿ, ಅವ್ರಮ್ಮ ಎಪಿಎಂಸಿ ಯಾರ್ಡಲ್ಲಿ ಟೊಮ್ಯಾಟೊ ಆಯೋ ಕೆಲಸಕ್ಕೆ ಬರ್ತಾರೆ, ಇವ್ಳೂ ರಜೆಲಿ ಹೋಗ್ತಾಳೆ. "ಸಾರ್, ಐವತ್ತೆಂಟು ಸಾವ್ರ ಇದ್ರೆ ನಮ್ಮನೇಲಿ ಬೋರ್‌ವೆಲ್ ಮೋಟ್ರು ರಿಪೇರಿ ಮಾಡಿಸ್ತಾರೆ, ನನ್ನ ಕಳ್ಸಲ್ಲ" ಅಂದ್ಳು. ಅಳು ಗಿಳು ಏನಿಲ್ಲ, ಲೆಕ್ಕ ಹೇಳ್ದಂಗೆ ಹೇಳಿದ್ಳು. ಇವ್ಳ ಕಥೆ ಮುಂದೆ ಬರುತ್ತೆ.

ಪಾಸ್‌ಪೋರ್ಟ್ ಒಂದು ದೊಡ್ಡ ಅಧ್ಯಾಯ. ಫೀಸು 1,500 ರೂಪಾಯಿ ಅಷ್ಟೇ, ಕಷ್ಟ ಹೆಸರಲ್ಲಿತ್ತು. ನಮ್ಮ ಕಡೆ ಮಕ್ಕಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಹೆಸರಿನ ಮುಂದೋ ಹಿಂದೋ ಒಂದು ಇನಿಷಿಯಲ್ ಇರುತ್ತೆ, ಪಾಸ್‌ಪೋರ್ಟಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೀಬೇಕು. ಬಿಡಿಸಿದ್ರೆ ಆಧಾರ್‌ನಲ್ಲಿ ಅಪ್ಪನ ಹೆಸರು ಬೇರೆ ಸ್ಪೆಲ್ಲಿಂಗು, ಇನ್ನೊಬ್ಬನಿಗೆ ಆ ಇನಿಷಿಯಲ್ ಅಪ್ಪಂದಲ್ಲ ಊರಿಂದು, ಅದನ್ನ ಸರ್‌ನೇಮ್ ಕಾಲಮ್ಮಲ್ಲಿ ಹಾಕಿದ್ರೆ ಹುಡುಗ ಊರಿನ ಮಗ ಆಗ್ತಾನೆ. ಆಧಾರ್ ತಿದ್ದುಪಡಿ, ಲಾಲ್‌ಬಾಗ್ ರೋಡಿನ ಸೇವಾ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟು, ಸ್ಟೇಷನ್ನಿಂದ ವೆರಿಫಿಕೇಶನ್ನಿಗೆ ಬರೋ ಪೊಲೀಸಪ್ಪನಿಗೆ ಮನೆ ತೋರಿಸೋದು, ಇಷ್ಟರಲ್ಲಿ ಒಂದು ಸೆಮಿಸ್ಟರ್ ಹೋಯ್ತು. ಹೊರದೇಶದ ಟ್ರಿಪ್ ಪ್ಲಾನ್ ಮಾಡೋರು ಮೊದಲ ಸೆಮಿಸ್ಟರಲ್ಲೇ ಪಾಸ್‌ಪೋರ್ಟ್ ಅರ್ಜಿ ಹಾಕಿಸಿ, ಟ್ರಿಪ್ ಆಗ್ಲಿ ಬಿಡ್ಲಿ.

ಇನ್ನೊಂದು ವಿಷಯ, ಇದನ್ನ ತುಂಬಾ ಜನ ಯೋಚ್ನೆ ಮಾಡಲ್ಲ. ನಾವು ಹೋಗಿದ್ದು ಟೂರಿಸ್ಟ್ ಪರ್ಮಿಷನ್ನಲ್ಲಿ. ಅದ್ರಲ್ಲಿ ಹೋಗಿ ಪತ್ರಕರ್ತರ ಕೆಲಸ ಮಾಡೋ ಹಾಗಿಲ್ಲ, ವಿದೇಶಿ ಪತ್ರಕರ್ತರಿಗೆ ಅಲ್ಲಿ ಸರ್ಕಾರಿ ವಾರ್ತಾ ಇಲಾಖೆಯ ಮಾನ್ಯತೆ ಬೇಕು. ಹಾಗಾಗಿ ದೊಡ್ಡ ಕ್ಯಾಮೆರಾ, ಚಾನೆಲ್ ಮೈಕು ಯಾವ್ದೂ ಬೇಡ, ನೋಟ್‌ಬುಕ್ಕು ಪೆನ್ನು ಸಾಕು, ಬರೆದಿದ್ದು ಕ್ಲಾಸಿನ ಅಸೈನ್‌ಮೆಂಟು ಮಾತ್ರ, ಮಕ್ಕಳೇ ಅಭ್ಯಾಸಕ್ಕೆ ತರೋ ಕಾಲೇಜಿನ ಪತ್ರಿಕೆ, ಲ್ಯಾಬ್ ಜರ್ನಲ್ ಬಿಟ್ಟು ಹೊರಗೆ ಹೋಗಲ್ಲ ಅಂತ ರೂಲ್ ಮಾಡಿದ್ವಿ. ಹುಡುಗ್ರು ಗೊಣಗಿದ್ರು. ಆದ್ರೆ ನೋಟ್‌ಬುಕ್ಕಿಂದ ಆದ ಲಾಭ ಅಷ್ಟಿಷ್ಟಲ್ಲ, ಮೊಬೈಲ್ ಎತ್ತಿ ಹಿಡಿದ ತಕ್ಷಣ ಜನ ಬಾಯಿ ಮುಚ್ಕೊಳ್ತಾರೆ, ಪೆನ್ನು ಕಂಡ್ರೆ ಅಷ್ಟು ಹೆದರಲ್ಲ.

ಕೊಲಂಬೊ

ಇಲ್ಲಿ ಬೇಗ ಮುಗಿಸ್ತೀನಿ. ಒಂದು ಟಿವಿ ಚಾನೆಲ್ ಆಫೀಸಿಗೆ ಹೋದ್ವಿ, ಪಿಪಿಟಿ ತೋರಿಸಿದ್ರು, ಸ್ಟುಡಿಯೋ ತೋರಿಸಿದ್ರು, ಬಿಸ್ಕತ್ತು ಟೀ ಕೊಟ್ರು. ಬೆಂಗಳೂರಲ್ಲಿ ಯಾವ ಚಾನೆಲ್ಲಿಗೆ ಹೋದ್ರೂ ಇದೇ ಸಿಗುತ್ತೆ, ಅದಕ್ಕೆ ಸಮುದ್ರ ದಾಟಬೇಕಿರ್ಲಿಲ್ಲ.

ಕೊಲಂಬೊಲಿ ನಿಜವಾಗ್ಲೂ ಹುಡುಗ್ರನ್ನ ಹಿಡ್ಕೊಂಡಿದ್ದು ಪೇಪರ್ ಇಲ್ದೆ ಪೇಪರ್ ನಿಂತ ಕಥೆ. 2022ರಲ್ಲಿ ಡಾಲರ್ ಖಾಲಿಯಾದಾಗ ನ್ಯೂಸ್‌ಪ್ರಿಂಟ್ ತರಿಸೋಕೆ ದುಡ್ಡಿರ್ಲಿಲ್ಲ, ಮಾರ್ಚಲ್ಲಿ ದಿ ಐಲ್ಯಾಂಡ್ ಮತ್ತೆ ದಿವಯಿನ ಪತ್ರಿಕೆಗಳು ಶನಿವಾರದ ಮುದ್ರಣ ನಿಲ್ಲಿಸಿದ್ವು, ಸ್ಕೂಲ್ ಪರೀಕ್ಷೆಗಳೇ ಕಾಗದ ಇಲ್ದೆ ಮುಂದೆ ಹೋದ್ವು. ಪತ್ರಿಕೆ ನಿಲ್ಲೋಕೆ ಸೆನ್ಸಾರು, ಕೇಸು ಇವೇ ಕಾರಣ ಅಂತ ಸಿಲಬಸ್ಸಲ್ಲಿ ಓದಿದ ಮಕ್ಕಳಿಗೆ ಇದು ಹೊಸದು.

ಗಾಲ್ ಫೇಸ್ ಮೈದಾನದಲ್ಲಿ ನಿಂತು ಆ ವರ್ಷದ ಜುಲೈ ಮಾತಾಡಿದ್ವಿ, 9ನೇ ತಾರೀಖು ಜನ ಅಧ್ಯಕ್ಷರ ಮನೆಗೆ ನುಗ್ಗಿದ್ದು, ಆ ವಾರದೊಳಗೆ ಆಗಿನ ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟಿದ್ದು. ಲಸಂತ ವಿಕ್ರಮತುಂಗೆ ವಿಷಯ ಬಂತು. ಸಂಡೇ ಲೀಡರ್ ಸಂಪಾದಕರು, 2009ರ ಜನವರಿ 8ರಂದು ಆಫೀಸಿಗೆ ಕಾರಲ್ಲಿ ಹೋಗ್ತಿದ್ದಾಗ ದಾಳಿ ಮಾಡಿ ಕೊಂದ್ರು, ಮೂರು ದಿನ ಬಿಟ್ಟು ಅವ್ರೇ ಮುಂಚೆ ಬರೆದಿಟ್ಟಿದ್ದ ಸಂಪಾದಕೀಯ ಅಚ್ಚಾಯ್ತು. ನಾವ್ಯಾರೂ ಹೇಳಿಕೊಡದೆ ಮಾಲೂರಿನ ಹುಡುಗಿ ನೋಟ್‌ಬುಕ್ಕಲ್ಲಿ ಅದರ ಪಕ್ಕ 2017ರ ಸೆಪ್ಟೆಂಬರ್ 5 ಅಂತ ಬರ್ಕೊಂಡ್ಳು, ಗೌರಿ ಲಂಕೇಶ್ ಹೋದ ದಿನ. ಇನ್ನೊಬ್ಬ, ಇವ್ನು ಊರಲ್ಲಿ ಕೆರೆ ಒತ್ತುವರಿ ಬಗ್ಗೆ ಆರ್‌ಟಿಐ ಹಾಕಿ ಕಾದು ಕಾದು ಸುಸ್ತಾದವನು, ಅಲ್ಲಿಯ ಆರ್‌ಟಿಐ ಕಾಯ್ದೆ 2016ರದ್ದು, ಮಾಹಿತಿ ಕೊಡ್ತೀವೋ ಇಲ್ವೋ ಅಂತ 14 ಕೆಲಸದ ದಿನದಲ್ಲಿ ಹೇಳಬೇಕು ಅಂತ ಕೇಳಿ "ನಮ್ದು 2005, ಆದ್ರೂ 30 ದಿನ, ಲೇಟಾಗಿ ಬಂದವ್ರೇ ಫಾಸ್ಟು" ಅಂದ.

ಫ್ಲೆಕ್ಸ್ ಪ್ರಸಂಗ

ಇದನ್ನ ಬಿಡೋಕಾಗಲ್ಲ. ಕಾಲೇಜುಗಳ ಗುಣಮಟ್ಟ ಅಳೆಯೋ ನ್ಯಾಕ್‌ನವ್ರ ಫೈಲಿಗೆ ಜಿಯೋಟ್ಯಾಗ್ ಇರೋ, ಅಂದ್ರೆ ತೆಗೆದ ಜಾಗ ನಮೂದಾಗಿರೋ ಫೋಟೋ ಬೇಕು ಅಂತ ಆರಡಿ ಫ್ಲೆಕ್ಸ್ ಒಂದನ್ನ ಸುತ್ಕೊಂಡು ತಂದಿದ್ವಿ, ಹೋದ ಕಡೆಯೆಲ್ಲಾ ಬಿಡಿಸೋದು, ಹಿಡ್ಕೊಳ್ಳೋದು, ಕ್ಲಿಕ್ಕು, ಮತ್ತೆ ಸುತ್ತೋದು. ದಂಬುಲ್ಲಾದ ಗುಹಾ ದೇವಾಲಯದಲ್ಲಿ ಇದೇ ಅಭ್ಯಾಸಕ್ಕೆ ಬಿದ್ದು ಬುದ್ಧನ ವಿಗ್ರಹಕ್ಕೆ ಬೆನ್ನು ಮಾಡಿ ಸಾಲಾಗಿ ನಿಂತೇಬಿಟ್ರು. ಅಲ್ಲಿ ಅದು ದೊಡ್ಡ ಅಪಚಾರ. ಕಾವಲಿನವ್ರು ಓಡ್ಬಂದು, ಬೈದು, ಎಲ್ರ ಮೊಬೈಲಲ್ಲೂ ಡಿಲೀಟ್ ಮಾಡಿಸಿದ್ರು, ರೀಸೈಕಲ್ ಬಿನ್ನಿಂದಲೂ. ಫ್ಲೆಕ್ಸ್ ಅವತ್ತಿಂದ ಬಸ್ಸಿನ ಡಿಕ್ಕಿ ಸೇರ್ತು. ಅಷ್ಟರ ಮಟ್ಟಿಗೆ ಆ ಕಾವಲಿನವ್ರಿಗೆ ನಾನು ಋಣಿ, ಯಾಕಂದ್ರೆ ಮಾರನೆ ದಿನ ಬೆಳಗಿನ ಜಾವ ಮಾರ್ಕೆಟ್‌ಗೆ ಹೋದಾಗ ಯಾರ ಕೈಲೂ ಏನೂ ಇರ್ಲಿಲ್ಲ.

ದಂಬುಲ್ಲಾ ಮಾರ್ಕೆಟ್

ದಂಬುಲ್ಲಾ ವಿಶೇಷ ಆರ್ಥಿಕ ಕೇಂದ್ರ ಅಂತ ಕರೀತಾರೆ, ಲಂಕಾದ ದೊಡ್ಡ ತರಕಾರಿ ಸಗಟು ಮಾರ್ಕೆಟ್ಟು. ಕೋಲಾರದ ಎಪಿಎಂಸಿ ನೋಡಿದವ್ರಿಗೆ ಅಲ್ಲಿ ಕಾಲಿಟ್ಟ ತಕ್ಷಣ ದಾರಿ ಕೇಳಬೇಕಾಗಲ್ಲ, ಲಾರಿ ಎಲ್ಲಿ ರಿವರ್ಸ್ ಬರ್ತವೆ, ಮೂಟೆ ಹೊರೋರು ಯಾವ ಕಡೆಯಿಂದ ಓಡ್ಬರ್ತಾರೆ, ಎಲ್ಲಿ ನಿಂತ್ರೆ ಬೈಸ್ಕೊಳ್ಳಲ್ಲ, ಎಲ್ಲಾ ಗೊತ್ತಾಗುತ್ತೆ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ನಮ್ಮ ಇನ್ನೊಬ್ಬ ಮೇಷ್ಟ್ರು ಎರಡು ಸಲ ಕೈಗಾಡಿಗೆ ಸಿಕ್ಕಾಕೊಂಡ್ರು, ಹುಡುಗ್ರು ಒಂದ್ಸಲವೂ ಇಲ್ಲ.

ವಡ್ಡಹಳ್ಳಿ ಕಡೆಯ ಹುಡುಗ, ಮನೇಲಿ ಟೊಮ್ಯಾಟೊ ಬೆಳೀತಾರೆ, ಕ್ಲಾಸಲ್ಲಿ ಕೊನೆ ಬೆಂಚು, ಇಂಟರ್ನಲ್ಸಲ್ಲಿ ಯಾವಾಗ್ಲೂ ಕಡಿಮೆ ಮಾರ್ಕ್ಸು. ಅಲ್ಲಿ ಅವ್ನ ಕೈ ನೋಡಬೇಕಿತ್ತು. ನೇರ ಹೋಗಿ ಒಂದು ಟೊಮ್ಯಾಟೊ ಎತ್ತಿ ತೊಟ್ಟು ನೋಡಿ, ಒತ್ತಿ ನೋಡಿ, "ಇದು ಎರಡು ದಿನದ ಮಾಲು ಸಾರ್, ಬೆಳಗ್ಗೆ ಕಿತ್ತಿದ್ದು ಅಂತ ಸುಳ್ಳು ಹೇಳ್ತಾವ್ರೆ" ಅಂದ. ವ್ಯಾಪಾರಿಗೆ ಭಾಷೆ ಅರ್ಥ ಆಗ್ಲಿಲ್ಲ, ಒತ್ತಿದ ರೀತಿ ಅರ್ಥ ಆಯ್ತು, ನಕ್ಕು ಪಕ್ಕಕ್ಕೆ ಕೂರಿಸ್ಕೊಂಡ. ಅವ್ನು ಮೊಬೈಲಲ್ಲಿ 2023ರ ಜುಲೈನಲ್ಲಿ ನಮ್ಮ ಯಾರ್ಡಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದಾಗಿನ ಫೋಟೋ ತೋರಿಸ್ದ, ಅವ್ರು ಅದನ್ನ ತಮ್ಮ ರೂಪಾಯಿಗೆ, ಅಂದ್ರೆ ಮೂರು ಚಿಲ್ಲರೆಯಿಂದ ಗುಣಿಸಿ ಬಾಯಿ ಮೇಲೆ ಕೈ ಇಟ್ಕೊಂಡ್ರು.

ಭಾಷೆ ಹೆಂಗೆ ಅಂದ್ರೆ ತಮಿಳು. ಕೆಜಿಎಫ್‌ನಿಂದ ಬಂದ ಇಬ್ರು ಇದ್ರು, ಮನೇಲಿ ತಮಿಳು, ಕ್ಲಾಸಲ್ಲಿ ಅವ್ರ ಕನ್ನಡ ಉಚ್ಚಾರಣೆಗೆ ಉಳಿದವ್ರು ಕಿಚಾಯಿಸ್ತಾ ಇದ್ದಿದ್ದು ನಾನೇ ನೋಡಿದ್ದೀನಿ. ಅಲ್ಲಿ ಅವ್ರಿಬ್ರನ್ನ ಬಿಟ್ಟು ಯಾರಿಗೂ ಒಂದು ಹೆಜ್ಜೆ ಮುಂದೆ ಹೋಗೋಕಾಗ್ಲಿಲ್ಲ. ಅಲ್ಲಿಯ ತಮಿಳು ಇವ್ರ ತಮಿಳಲ್ಲ, ಮೊದಲ ಅರ್ಧ ಗಂಟೆ ತಡಬಡಾಯಿಸಿದ್ರು, ಆಮೇಲೆ ಕುದುರ್ತು. ಸಿಂಹಳ ಮಾತ್ರ ಬರೋ ರೈತ್ರ ಹತ್ರ ತಮಿಳು ವ್ಯಾಪಾರಿಯೇ ನಡುವೆ ನಿಂತು ಹೇಳ್ತಿದ್ದ, ಅಂದ್ರೆ ಒಂದು ಉತ್ತರ ಸಿಂಹಳದಿಂದ ತಮಿಳಿಗೆ, ತಮಿಳಿಂದ ಕನ್ನಡಕ್ಕೆ, ಕೆಲವೊಮ್ಮೆ ತೆಲುಗು ಹುಡುಗನಿಗೆ ತೆಲುಗಲ್ಲಿ ಇನ್ನೊಂದ್ಸಲ.

ಹೋಗೋವಾಗ ಹುಡುಗ್ರ ತಲೇಲಿ ಸ್ಟೋರಿ ರೆಡಿ ಇತ್ತು: ಸಾವಯವ ಕೃಷಿ ಮಾಡಿ ಲಂಕಾ ಹಾಳಾಯ್ತು. ಇದು ನಮ್ಮ ಕಡೆ ರೈತರ ವಾಟ್ಸಾಪ್ ಗ್ರೂಪುಗಳಲ್ಲಿ ವರ್ಷಗಟ್ಟಲೆ ತಿರುಗಿದ ಮಾತು. 2021ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರ, ಔಷಧಿ ಆಮದು ಬ್ಯಾನ್ ಮಾಡಿದ್ದು ನಿಜ, ನವೆಂಬರ್‌ನಲ್ಲಿ ವಾಪಸ್ ತಗೊಂಡಿದ್ದೂ ನಿಜ, ಭತ್ತದ ಇಳುವರಿ ಬಿದ್ದಿದ್ದೂ ನಿಜ. ಆದ್ರೆ ಅಲ್ಲೊಬ್ಬ ವಯಸ್ಸಾದ ರೈತ ಹೇಳಿದ್ದು ಬೇರೆ: ಗೊಬ್ಬರ ಬಿಡಿ ಅಂದಿದ್ದಕ್ಕೆ ನಮಗೆ ತಕರಾರಿಲ್ಲ, ರಾತ್ರೋರಾತ್ರಿ ಬಿಡಿ ಅಂದ್ರಲ್ಲ, ಕೊಟ್ಟಿಗೆ ಗೊಬ್ಬರ ಎಲ್ಲಿಂದ ತರೋದು. ವಡ್ಡಹಳ್ಳಿ ಹುಡುಗ ಇದಕ್ಕೆ ಕೇಳಿದ ಪ್ರಶ್ನೆ ಯಾವ ಪಠ್ಯದಲ್ಲೂ ಸಿಗಲ್ಲ, "ನಿಮ್ಮನೇಲಿ ಎಷ್ಟು ದನ ಅದಾವೆ?" ಅಂತ. ಒಂದೂ ಇಲ್ಲ ಅಂದ್ರು. ಎಕರೆಗೆ ಎಷ್ಟು ಗಾಡಿ ತಿಪ್ಪೆ ಗೊಬ್ಬರ ಬೇಕು ಅಂತ ಲೆಕ್ಕ ಗೊತ್ತಿದ್ದವ್ನಿಗೆ ಮಾತ್ರ ಆ ಉತ್ತರದಲ್ಲಿ ಸ್ಟೋರಿ ಕಾಣುತ್ತೆ.

ಊರಲ್ಲೇ ಕೂತ ಡೆಸ್ಕು

ಶ್ರೀನಿವಾಸಪುರದ ಹುಡುಗೀನ ನಾವು ಡೆಸ್ಕ್ ಅಂತ ಮಾಡಿದ್ವಿ. ಸಮಾಧಾನಕ್ಕೆ ಮಾಡಿದ್ದಲ್ಲ, ನಿಜವಾಗ್ಲೂ ಕಾಪಿ ಎಲ್ಲಾ ಅವ್ಳಿಗೆ ಹೋಗಬೇಕು, ಅವ್ಳು ಓಕೆ ಅಂದ್ರೆ ಓಕೆ. ದಿನಾ ರಾತ್ರಿ ಲಾಡ್ಜಿನ ವೈಫೈನಲ್ಲಿ ಹುಡುಗ್ರು ಬರೆದಿದ್ದನ್ನ ಕಳಿಸ್ತಿದ್ರು, ಅವ್ಳು ವಾಯ್ಸ್ ಮೆಸೇಜಲ್ಲಿ ಉಗೀತಿದ್ಳು.

ದಂಬುಲ್ಲಾ ಕಾಪಿಲಿ ವ್ಯಾಪಾರಿಗಳ ಕಮಿಷನ್ ಎಷ್ಟು ಅಂತ ಒಂದು ಪರ್ಸೆಂಟ್ ಬರೆದಿದ್ರು. "ಯಾರು ಹೇಳಿದ್ದು?" ಒಬ್ಬ ವ್ಯಾಪಾರಿ. "ಮೂಟೆ ಹೊರೋನ್ನ ಕೇಳಿದ್ಯಾ? ರೈತನ್ನ?" ಕೇಳಿದ್ರೆ ಮೂರು ಜನ ಮೂರು ನಂಬರ್ ಹೇಳಿದ್ದಾರೆ. "ನಮ್ಮ ಯಾರ್ಡಲ್ಲೂ ಬಿಳಿ ಚೀಟಿ ಬೇರೆ ಲೆಕ್ಕ ಬೇರೆ ಇರ್ತೈತೆ, ಬರೀಬೇಡ, ತೆಗಿ" ಅಂದ್ಳು. ತೆಗೆದ್ರು. ನಾನು ಎರಡು ವರ್ಷ ವೆರಿಫಿಕೇಶನ್ ಅಂತ ಬೋರ್ಡ್ ಮೇಲೆ ಬರೆದು ಬರೆದು ಸಾಕಾಗಿದ್ದು ಅವ್ಳು ಎರಡು ನಿಮಿಷದ ವಾಯ್ಸ್ ಮೆಸೇಜಲ್ಲಿ ಮುಗಿಸಿದ್ಳು.

ಇನ್ನೊಂದು ಕೆಲಸ ಮಾಡಿದ್ಳು. ಗೊಬ್ಬರದ ಸ್ಟೋರಿಲಿ ಬರೀ ಬ್ಯಾನ್ ಅಂತ ಬರೆದಿದ್ದಕ್ಕೆ, ಸರ್ಕಾರಕ್ಕೆ ಗೊಬ್ಬರ ಆಮದಿನ ಡಾಲರ್ ಉಳಿಸೋ ಅವಸರ ಯಾಕಿತ್ತು ಅದನ್ನೂ ಹಾಕಿ ಅಂತ ವಾಪಸ್ ಕಳಿಸಿದ್ಳು. ಅವಾಗ ಕೂತು ಓದಿ 2019ರ ಏಪ್ರಿಲ್ 21ರ ಈಸ್ಟರ್ ಬಾಂಬ್ ದಾಳಿ ಆದ್ಮೇಲೆ ಟೂರಿಸಂ ಬಿದ್ದಿದ್ದು, ಅದೇ ವರ್ಷದ ಕೊನೇಲಿ ತೆರಿಗೆ ಕಡಿತ, ಆಮೇಲೆ ಕೋವಿಡ್, ಕೊನೆಗೆ 2022ರ ಏಪ್ರಿಲ್‌ನಲ್ಲಿ ಹೊರಗಿನ ಸಾಲ ತೀರಿಸೋಕಾಗಲ್ಲ ಅಂತ ದೇಶವೇ ಕೈ ಎತ್ತಿದ್ದು, ಎಲ್ಲಾ ಒಂದು ಪ್ಯಾರಾದಲ್ಲಿ ಬಂತು. ಸ್ಟೋರಿಯ ಹೆಡ್ಡಿಂಗ್ ಬದಲಾಯ್ತು, ವಾಟ್ಸಾಪ್‌ನಲ್ಲಿ ಬಂದಿದ್ದ ಮಾತು ಕಾಪಿಲಿ ಉಳೀಲಿಲ್ಲ.

ಟೀ ತೋಟ

ನುವಾರ ಎಲಿಯ ದಾರೀಲಿ ಒಂದು ತೋಟದ ಮನೆಗಳಿಗೆ ಹೋದ್ವಿ, ನಮ್ಮ ಡ್ರೈವರ್‌ನ ಅಕ್ಕನ ಮನೆ ಅಲ್ಲಿದ್ದಿದ್ರಿಂದ ಒಳಗೆ ಹೋಗೋಕಾಯ್ತು. ಉದ್ದಕ್ಕೆ ಒಂದೇ ಸೂರು, ಅದ್ರಡಿ ಸಾಲಾಗಿ ಒಂದೊಂದು ಕೋಣೆ, ಕೋಣೆಗೊಂದು ಸಂಸಾರ. ಕೆಜಿಎಫ್ ಹುಡುಗ ಬಾಗಿಲಲ್ಲೇ ನಿಂತ್ಬಿಟ್ಟ. "ಸಾರ್, ಇದು ನಮ್ಮ ತಾತನ ಮನೆ" ಅಂದ. ಗಣಿ ಕಾರ್ಮಿಕರಿಗೆ ಕಂಪನಿ ಕಟ್ಟಿಸಿದ್ದ ಲೈನ್ ಮನೆಗಳಲ್ಲೇ ಅವ್ನ ಮನೆಯವ್ರು ಇವತ್ತಿಗೂ ಇರೋದು.

ಅಲ್ಲಿಂದ ಅವ್ನು, ಅವ್ನ ಜೊತೆಯ ಹುಡುಗಿ ಇಬ್ರೇ ಮಾತಾಡಿದ್ದು, ನಾವೆಲ್ಲಾ ಸುಮ್ನೆ ಕೂತಿದ್ವಿ. ಯಾವ ಜಿಲ್ಲೆಯಿಂದ ಬಂದ್ರು, ಯಾವ ಮೇಸ್ತ್ರಿ ಕರ್ಕೊಂಡು ಬಂದ, ಅಲ್ಲಿ ಅವ್ನಿಗೆ ಕಂಗಾಣಿ ಅಂತಾರೆ, ಮುಂಗಡ ಎಷ್ಟು, ಸಾಲ ಹೆಂಗೆ ತೀರ್ತಿತ್ತು. ತಮಿಳುನಾಡಿನ ಬಡ ಊರುಗಳಿಂದ ಒಂದು ಸಾಲು ಜನ ಲಂಕಾದ ಕಾಫಿ, ಟೀ ತೋಟಕ್ಕೆ ಹೋದ್ರು, ಇನ್ನೊಂದು ಸಾಲು 1880ರ ಮೇಲೆ ಜಾನ್ ಟೇಲರ್ ಕಂಪನಿಯ ಚಿನ್ನದ ಗಣಿಗೆ ನಮ್ಮ ಕಡೆ ಬಂದ್ರು. ಲಂಕಾದಲ್ಲಿ 1867ರಲ್ಲಿ ಟೀ ತೋಟ ಶುರು ಮಾಡಿದವ್ನೂ ಟೇಲರ್ರೇ, ಜೇಮ್ಸ್ ಟೇಲರ್, ಇಬ್ರಿಗೂ ಸಂಬಂಧ ಏನಿಲ್ಲ, ಆದ್ರೂ ಹುಡುಗ್ರಿಗೆ ಅದೊಂದು ಮಜಾ ಆಯ್ತು.

ವ್ಯತ್ಯಾಸ ಎಲ್ಲಿ ಅಂದ್ರೆ ಪೌರತ್ವದಲ್ಲಿ. 1948ರ ಕಾಯ್ದೆಯಿಂದ ತೋಟದ ತಮಿಳ್ರು ಯಾವ ದೇಶದವ್ರೂ ಅಲ್ಲ ಅನ್ನೋ ಹಂಗಾದ್ರು, 1964ರಲ್ಲಿ ಲಂಕಾ ಪ್ರಧಾನಿ ಸಿರಿಮಾವೊ, ನಮ್ಮ ಪ್ರಧಾನಿ ಶಾಸ್ತ್ರಿ ನಡುವೆ ಒಪ್ಪಂದ ಆಗಿ 5,25,000 ಜನರನ್ನ ಭಾರತ ತಗೋಬೇಕು, 3,00,000 ಜನರನ್ನ ಲಂಕಾ ಇಟ್ಕೋಬೇಕು ಅಂತ ಜನರನ್ನೇ ಹಂಚ್ಕೊಂಡ್ರು. ಹಾಗೆ ವಾಪಸ್ ಬಂದವ್ರಲ್ಲಿ ಕೆಲವ್ರನ್ನ ನಮ್ಮ ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟಕ್ಕೆ ಹಾಕಿದ್ರು, ಇವತ್ತಿಗೂ ಇದ್ದಾರೆ. ಇದನ್ನ ಹೇಳಿದಾಗ ಆ ಮನೆಯ ಅಜ್ಜಿ "ನನ್ನ ತಂಗಿ ಆ ಕಡೆ ಹೋದೋಳು, ಯಾವ ಊರೋ ಗೊತ್ತಿಲ್ಲ" ಅಂದ್ರು. ಕೆಜಿಎಫ್ ಹುಡುಗಿ ಹೆಸರು ಬರ್ಕೊಂಡ್ಳು. ಹುಡುಕ್ತಾಳಂತೆ. ಸಿಗೋದು ಕಷ್ಟ ಅಂತ ನಾನು ಅಂದ್ಕೊಂಡೆ, ಅವ್ಳಿಗೆ ಹೇಳ್ಲಿಲ್ಲ.

ದಿನಗೂಲಿ ಕೇಳಿದ್ರು. ಅಲ್ಲಿಯ 1,000 ರೂಪಾಯಿ ಕೂಲಿ ಬೇಕು ಅಂತ ವರ್ಷಗಟ್ಟಲೆ ಹೋರಾಡಿ 2021ರಲ್ಲಿ ಗೆಜೆಟ್ ಆಯ್ತು, ಆಗೋ ಹೊತ್ತಿಗೆ ಬೆಲೆ ಏರಿಕೆ ಶುರುವಾಗಿ ಮರುವರ್ಷ ಅದರ ಬೆಲೆಯೇ ಉಳೀಲಿಲ್ಲ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ಬೆಳಗಿನ ರೈಲಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬರೋ ತನ್ನ ಅಪ್ಪನ ವಿಷಯ ಹುಡುಗ ಹೇಳಿದ. ಆ ಮನೆಯ ಮಗನೂ ಕೊಲಂಬೊದಲ್ಲಿ ಅಂಗಡಿ ಕೆಲಸಕ್ಕಿದ್ದಾನೆ, ತಿಂಗಳಿಗೊಂದ್ಸಲ ಬರ್ತಾನೆ.

ಫೋಟೋ ಕೇಳಿದ್ದಕ್ಕೆ ಬೇಡ ಅಂದ್ರು, ತೋಟದ ಮ್ಯಾನೇಜರ್‌ಗೆ ಗೊತ್ತಾದ್ರೆ ಕಿರಿಕಿರಿ. ತೆಗೀಲಿಲ್ಲ. ಲ್ಯಾಬ್ ಜರ್ನಲಲ್ಲಿ ಆ ಪುಟಕ್ಕೆ ಫೋಟೋ ಇಲ್ಲ, ತೋಟದ ಹೆಸರೂ ಇಲ್ಲ.

ನಡುವೆ ಒಂದು ಮಾತು. ಸೀತಾ ಎಲಿಯದ ಸೀತಮ್ಮನ ಗುಡಿಗೆ ಹೋಗಿದ್ವಿ, ನಮ್ಮಲ್ಲಿ ಆವಣಿ ಹುಡುಗಿ ಒಬ್ಳಿದ್ಳು, ಸೀತೆ ಬಂದು ಲವ ಕುಶರನ್ನ ಹೆತ್ತ ಜಾಗ ಅಂತ ನಂಬಿಕೆ ಇರೋ ಆವಣಿ. ಅಲ್ಲಿಂದ ವಿಡಿಯೋ ಕಾಲ್ ಮಾಡಿ ಅಜ್ಜಿಗೆ ತೋರಿಸಿದ್ಳು, ಅಜ್ಜಿ ಕೈ ಮುಗಿದು, "ಅಲ್ಲಿ ಅತ್ಕೊಂಡು ಕೂತಿದ್ಳು, ನೆಮ್ಮದಿಯಾಗಿ ಇದ್ದಿದ್ದು ನಮ್ಮೂರಲ್ಲೇ ಕಣಮ್ಮ" ಅಂದ್ರಂತೆ.

ಆಮೇಲೆ

ಬಂದಿದ್ದು ಒಟ್ಟು ಮೂರು ಓದೋ ಹಂಗಿರೋ ಬರಹ. ದಂಬುಲ್ಲಾದ್ದು, ತೋಟದ್ದು, ನ್ಯೂಸ್‌ಪ್ರಿಂಟ್‌ದು. ಉಳಿದ ಒಂಬತ್ತು "ಮರೆಯಲಾಗದ ಪ್ರವಾಸ" ನಮೂನೆ, ಊಟದ ವಿವರಣೆ ಜಾಸ್ತಿ: ಒತ್ತು ಶಾವಿಗೆ ಸಿಕ್ತು, ಕಾಯಿ ಚಟ್ನಿ ಥರದ ಸಂಬೋಲದಲ್ಲಿ ಒಣಮೀನು ಪುಡಿ ಇರುತ್ತೆ ಅಂತ ಗೊತ್ತಿಲ್ದೆ ಸಸ್ಯಾಹಾರಿ ಒಬ್ಬ ಎರಡು ದಿನ ಚಪ್ಪರಿಸ್ಕೊಂಡು ತಿಂದ, ಮುದ್ದೆ ನೆನಪಾಯ್ತು. ಅವ್ರ ಮೇಲೆ ನನಗೆ ಕೋಪ ಇಲ್ಲ, ಅವ್ರಿಗೆ ಕೇಳೋಕೆ ಏನು ಅಂತ ಹೋಗೋ ಮುಂಚೆ ಯಾರೂ ಕೂರಿಸಿ ಹೇಳಿರ್ಲಿಲ್ಲ. ವಡ್ಡಹಳ್ಳಿ ಹುಡುಗ, ಕೆಜಿಎಫ್ ಇಬ್ರು ಅದನ್ನ ಮನೆಯಿಂದಲೇ ತಂದಿದ್ರು, ಹಾಗಾಗಿ ಬಚಾವಾದ್ರು.

ಜರ್ನಲಲ್ಲಿ ಬೈಲೈನ್ ವಿಷಯಕ್ಕೆ ಸ್ವಲ್ಪ ಜಗಳ ಆಯ್ತು, ಹೋಗದೆ ಇದ್ದವ್ಳ ಹೆಸರು ಯಾಕೆ ಅಂತ ಒಂದಿಬ್ರು. ಕೊನೆಗೆ ಸಂಪಾದಕಿ ಅಂತ ಮೊದಲ ಪುಟದಲ್ಲೇ ಅವ್ಳ ಹೆಸರು ಹಾಕಿದ್ವಿ. ಟ್ರಿಪ್ಪಿನ ಅಸೈನ್‌ಮೆಂಟಿಗೆ ಅವ್ಳಿಗೆ ಮಾರ್ಕ್ಸ್ ಕೊಡೋಕೆ ಬರುತ್ತಾ ಅಂತ ಇನ್ನೂ ಫೈಲು ಓಡಾಡ್ತಿದೆ.

ಮುಂದಿನ ಬ್ಯಾಚಿಗೆ ದುಬೈ ಅಂತ ಮಾತು ಶುರುವಾಗಿದೆ. ಮೀಟಿಂಗಲ್ಲಿ ನಾನು ಹೇಳಿದ್ದು ಇಷ್ಟು: ಟಿಕೆಟ್ ಬುಕ್ ಮಾಡೋ ಮುಂಚೆ ನಮ್ಮ ಜಿಲ್ಲೆಯಿಂದ ಡ್ರೈವರ್ ಕೆಲಸಕ್ಕೆ, ಮನೆ ಕೆಲಸಕ್ಕೆ ಗಲ್ಫ್‌ಗೆ ಹೋದವ್ರ ಮನೆಗಳಿಗೆ ಮಕ್ಕಳನ್ನ ಕಳಿಸಿ, ಏಜೆಂಟ್‌ಗೆ ಎಷ್ಟು ಕೊಟ್ರು, ಅಲ್ಲಿಂದ ಎಷ್ಟು ಬರ್ತಿದೆ ಬರೆಸಿ, ಅದನ್ನ ಬರೆದವ್ರನ್ನ ಮಾತ್ರ ಲಿಸ್ಟಿಗೆ ಹಾಕಿ, ಅದ್ರಲ್ಲಿ ದುಡ್ಡಿಲ್ದೆ ಇರೋ ಇಬ್ರ ಖರ್ಚು ಕಾಲೇಜು ಹಾಕ್ಲಿ. ಲಿಸ್ಟಿನ ಮಾತಿಗೆ ತಲೆ ಆಡಿಸಿದ್ರು, ಇಬ್ರ ಖರ್ಚಿನ ಮಾತಿಗೆ ಮುಂದಿನ ಮೀಟಿಂಗಲ್ಲಿ ನೋಡೋಣ ಅಂದ್ರು. ಹೊಸ ಫ್ಲೆಕ್ಸ್‌ಗೆ ಮಾತ್ರ ಆಗ್ಲೇ ಆರ್ಡರ್ ಹೋಗಿದೆ.